ಇಬ್ಬರು ಮುನಿಯಪ್ಪಂದಿರಿಗೆ ಒಂದೇ ಲೈಸೆನ್ಸು

ನೀವು ಇದನ್ನು ನಂಬುವುದಿಲ್ಲ. ಬೇಕಾದರೆ ಪಂದ್ಯ ಕಟ್ಟೋಣ. ಪೂರ್ತಿ ಓದಿದ ಮೇಲೂ ನಂಬಿದಿರಾದರೆ ಬಂಗಾರಪೇಟೆಯಲ್ಲಿ ಬಿಳಿ ನೀರಿನ ಪಾನಿಪುರಿ ನಾನು ಕೊಡಿಸುತ್ತೇನೆ, ನಂಬದಿದ್ದರೆ ನೀವು ನನಗೆ ಕೊಡಿಸಬೇಕು. ಇದರಲ್ಲಿ ಗಂಟೆ ಬಾರಿಸದೆ ಕಾರು ಎತ್ತದ ಒಬ್ಬ ಡ್ರೈವರ್ ಇದ್ದಾನೆ. ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರನ್ನು ಕಂಪ್ಯೂಟರು ಒಬ್ಬನೇ ಮನುಷ್ಯನನ್ನಾಗಿ ಮಾಡಿದ್ದೂ ಇದೆ. ಸೈನೈಡ್ ದಿಬ್ಬದ ಮೇಕೆಗಳೂ ಬರುತ್ತವೆ. ಇಷ್ಟರಲ್ಲಿ ಒಂದೇ ಒಂದು ಸಂಗತಿ ನಾನು ಕೈಯಿಂದ ಹಾಕಿದ್ದು. ಯಾವುದು ಅಂತ ಹುಡುಕುತ್ತಾ ಓದಿ. ಸಿಗುವುದಿಲ್ಲ. ಕೊನೆಗೆ ನಾನೇ ಹೇಳಬೇಕಾಗುತ್ತದೆ.

ನನ್ನನ್ನು ನಂಜಣ್ಣ ಮೇಷ್ಟ್ರು ಅನ್ನುತ್ತಾರೆ. ಮಗ್ಗಿ ಹೇಳಿಕೊಡುವ ಮೇಷ್ಟ್ರಲ್ಲ, ಕಾರು ಹೇಳಿಕೊಡುವ ಮೇಷ್ಟ್ರು. ಬಂಗಾರಪೇಟೆ ಸ್ಟೇಷನ್ ಹತ್ತಿರ ನನ್ನ ಡ್ರೈವಿಂಗ್ ಸ್ಕೂಲ್ ಇತ್ತು. ಈ ಸುತ್ತಿನಲ್ಲಿ ಕ್ಲಚ್ಚು ಯಾವುದು ಬ್ರೇಕು ಯಾವುದು ಅಂತ ಗೊತ್ತಿರುವವರಲ್ಲಿ ಅರ್ಧ ಜನ ನನ್ನಿಂದ ಬೈಸಿಕೊಂಡು ಕಲಿತವರು, ಮಿಕ್ಕವರು ಅವರಿಂದ ಬೈಸಿಕೊಂಡು ಕಲಿತವರು. ಮಂಡಿ ಕ್ಲಚ್ಚು ಒತ್ತಲು ಒಪ್ಪದೆ ಹೋದ ಮೇಲೆ ಸ್ಕೂಲ್ ಬಿಟ್ಟೆ. ಈಗ ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಬಂದು, "ಮೇಷ್ಟ್ರೇ, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ಹೇಳಲು ಕೂತರೆ ನನ್ನ ಹೆಂಡತಿ ಒಳಗಿನಿಂದ, "ಇವರ ಗಾಡಿಗೆ ಬ್ರೇಕಿಲ್ಲ ಕಣ್ರಪ್ಪಾ, ಊಟ ಮಾಡ್ಕೊಂಡು ಬನ್ನಿ" ಅನ್ನುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲನೆಯದಾಗಿ, ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಅದು ದೇವರು ನಮ್ಮಂಥವರಿಗೆ ಅಂತಲೇ ಕೊಟ್ಟದ್ದು. ಹೊಸಬರು ಕಾರು ಎತ್ತುವಾಗ ನಾನು ಅದನ್ನು ಮೆಲ್ಲಗೆ ಒತ್ತಿ ಹಿಡಿಯುತ್ತಿದ್ದೆ. ಕಾರು ಗೊರಗೊರ ಅನ್ನುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. "ಗಾಡಿಗೆ ನಿಮ್ಮ ಮೇಲೆ ಇನ್ನೂ ನಂಬಿಕೆ ಬಂದಿಲ್ಲ, ಸ್ಟೀರಿಂಗ್ ಸವರಿ" ಅನ್ನುತ್ತಿದ್ದೆ. ಸವರುತ್ತಿದ್ದರು. ಕಾಲು ತೆಗೆಯುತ್ತಿದ್ದೆ. ಕಾರು ಹೊರಡುತ್ತಿತ್ತು. ಬ್ಯಾಂಕಿನವರೊಬ್ಬರು ಕೊನೆ ದಿನದವರೆಗೂ ಸವರಿದರು. ಒಳ್ಳೆಯ ಡ್ರೈವರಾದರು. ಈಗಲೂ ಸಿಗ್ನಲ್‌ನಲ್ಲಿ ನಿಂತಾಗ ಸವರುತ್ತಾರೆ, ನಾನೇ ನೋಡಿದ್ದೇನೆ.

ಆದರೆ ನನ್ನನ್ನೇ ಬೇಸ್ತು ಬೀಳಿಸಿದವನು ಒಬ್ಬನಿದ್ದ, ದೊಡ್ಡ ಮುನಿಯಪ್ಪ.

ಚಿನ್ನದ ಗಣಿ ಮುಚ್ಚಿ ಕೆಲಸ ಕಳೆದುಕೊಂಡವರು ಒಬ್ಬೊಬ್ಬರು ಒಂದೊಂದು ಕಡೆ ಚೆದುರಿದ ಕಾಲ ಅದು. ಗಣಿಯ ಊರು ಚಾಂಪಿಯನ್ ರೀಫ್ಸ್‌ನಿಂದ ರೈಲು ಹತ್ತಿ ಬಂದು ನನ್ನ ಮುಂದೆ ನಿಂತ. ಕಬ್ಬಿಣದ ಬಾಗಿಲಿನಂಥ ಆಳು, ಮಾತು ಕಡಿಮೆ, ಮೀಸೆ ಜಾಸ್ತಿ. "ಎಂಜಿನ್ ಡ್ರೈವರಾಗಿದ್ದೆ ಸಾ. ಕಾರು ಕಲೀಬೇಕು" ಅಂದ. ರೈಲು ಎಂಜಿನ್ ಅಂದುಕೊಂಡೆ. ಒಳ್ಳೆಯದಾಯಿತು, ಅರ್ಧ ಕೆಲಸ ಮುಗಿದಂತೆ ಅಂತ ಕೂರಿಸಿದೆ.

"ಬಿಡು ಮುನಿಯಪ್ಪ."

ಸುಮ್ಮನೆ ಕೂತ.

"ಕ್ಲಚ್ಚು ನಿಧಾನಕ್ಕೆ ಬಿಡಪ್ಪಾ."

"ಬುಡ್ತೀನಿ ಸಾ. ಗಂಟೆ ಒಡೀರಿ."

"ಏನು ಒಡೀಬೇಕು?"

"ಗಂಟೆ ಸಾ. ಗಂಟೆ ಇಲ್ದೆ ಎಂಗೆ ಎತ್ತೋದು? ಕೆಳಗೆ ಜನ ಇರ್ತಾರಲ್ಲ."

ಆಮೇಲೆ ಬಿಡಿಸಿ ಬಿಡಿಸಿ ಕೇಳಿದರೆ ಗೊತ್ತಾಯಿತು. ಅವನು ಓಡಿಸುತ್ತಿದ್ದದ್ದು ಗಣಿಯೊಳಗೆ ಜನರನ್ನು ಇಳಿಸಿ ಎತ್ತುವ ಎಂಜಿನ್ನು. ದೊಡ್ಡ ರಾಟೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಗೆ ಪಂಜರದಂಥ ಕೇಜು. ಡ್ರೈವರ್ ಕೂರುವುದು ಮೇಲೆ, ಎಂಜಿನ್ ಮನೆಯೊಳಗೆ. ಕೇಜು ಅವನ ಕಣ್ಣಿಗೆ ಕಾಣುವುದಿಲ್ಲ, ಅದರಲ್ಲಿ ಇರುವವರೂ ಕಾಣುವುದಿಲ್ಲ. ಕೆಳಗಿನಿಂದ ಗಂಟೆ ಬರುತ್ತದೆ. ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ, ಮೆತ್ತಗೆ ಎತ್ತು ಅಂತ. ಓಡುತ್ತಿರುವಾಗ ಒಂದು ಹೊಡೆದರೆ ನಿಲ್ಲಿಸು ಅಂತ. ಗಂಟೆ ಇಲ್ಲದೆ ಕೈ ಅಲ್ಲಾಡಿಸಿದರೆ ಕೆಳಗೆ ಯಾರದೋ ಕಾಲು ಹೋಗುತ್ತದೆ, ಇಲ್ಲವೇ ಆಳೇ ಹೋಗುತ್ತಾನೆ. ಇಪ್ಪತ್ತು ಚಿಲ್ಲರೆ ವರ್ಷ ಹಾಗೆ ಪಳಗಿದ ಕೈಕಾಲು ನನ್ನ ಮಾತು ಕೇಳುತ್ತದೆಯೇ?

ನಾನು ಸವಾಲು ಬಿಡುವ ಜಾತಿಯಲ್ಲ. ಸೈಕಲ್ ಅಂಗಡಿಯಿಂದ ಒಂದು ಬೆಲ್ಲು ತಂದೆ. ಮೂರು ಸಲ ಟ್ರಿಣ್ ಅನ್ನಿಸಿದೆ. ದೇವರಾಣೆ, ಆ ಹಳೇ ಮಾರುತಿ ನನ್ನ ಕೈಯಲ್ಲೂ ಅಷ್ಟು ಮೆತ್ತಗೆ ಹೊರಟಿರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ತುಂಬಿದ ಟೀ ಲೋಟ ಇಟ್ಟಿದ್ದರೂ ತುಳುಕುತ್ತಿರಲಿಲ್ಲ. ಒಂದು ಟ್ರಿಣ್, ನಿಂತಿತು. ಅಡ್ಡ ಎಮ್ಮೆ ಬಂದರೆ, ಮಗು ಬಂದರೆ ತಾನೇ ನಿಲ್ಲಿಸುತ್ತಿದ್ದ, ಅದರಲ್ಲಿ ಮೋಸವಿಲ್ಲ. ಆದರೆ ನಿಂತದ್ದನ್ನು ಮತ್ತೆ ಎತ್ತಬೇಕಾದರೆ ಗಂಟೆಯೇ ಬೇಕು. ಟೆಸ್ಟಿನ ದಿನ ಆಗಿನ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತರೆ, ನಾನು ಬೇಲಿ ಆಚೆ ಸೈಕಲ್ ಹಿಡಿದು ನಿಂತಿದ್ದೆ. ಟ್ರಿಣ್ ಟ್ರಿಣ್ ಟ್ರಿಣ್. ದೊಡ್ಡೋನು ಪಾಸು. ಇನ್ಸ್‌ಪೆಕ್ಟರು ಇಳಿದು ಬಂದವರೇ, "ಯಾರ್ರೀ ಅದು, ಟೆಸ್ಟ್ ನಡೀಬೇಕಾದರೆ ಸೈಕಲ್ ಬೆಲ್ ಬಾರಿಸೋನು?" ಅಂತ ನನ್ನನ್ನೇ ಅಟ್ಟಿಸಿಕೊಂಡು ಬಂದರು.

ಗಂಟೆ ಬೇಕಾದ ಡ್ರೈವರಿಗೆ ಕೆಲಸ ಎಲ್ಲಿ ಸಿಗಬೇಕು? ಬಾಡಿಗೆ ಕಾರಿನವರು ಇಟ್ಟುಕೊಳ್ಳಲಿಲ್ಲ. ನಾನೇ ಯೋಚನೆ ಮಾಡಿ ಒಂದು ಸಣ್ಣ ಸ್ಕೂಲಿನ ವ್ಯಾನಿಗೆ ಹಚ್ಚಿದೆ. ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸಲು ಸೆಲ್ವಿ ಅಂತ ಒಬ್ಬಳು ತಮಿಳು ಆಯಾ ಇದ್ದಳು. ಅವಳ ಸೀಟಿನ ಪಕ್ಕ ಒಂದು ಬೆಲ್ಲು ಕೂರಿಸಿದೆವು. ಮಕ್ಕಳು ಹತ್ತಿ ಕೂತರೆ ಅವಳು ಮೂರು ಹೊಡೆಯುವಳು, ಮನೆ ಬಂದರೆ ಒಂದು. ದೊಡ್ಡೋನಿಗೆ ಸ್ವರ್ಗ. ಹಿಂದೆ ಕೂತ ಮಕ್ಕಳು ಅವನ ಕಣ್ಣಿಗೆ ಕಾಣುವುದಿಲ್ಲ, ಗಂಟೆ ಬರುತ್ತದೆ, ಮನುಷ್ಯರಿದ್ದಾರೆ, ಮೆತ್ತಗೆ ಎತ್ತು. ಆ ವ್ಯಾನಿನಲ್ಲಿ ಒಂದು ಮಗುವಿನ ಹಣೆಯೂ ಮುಂದಿನ ಸೀಟಿಗೆ ತಾಗಿದ್ದಿಲ್ಲ. ಆ ಕೆಲಸ ಬಿಟ್ಟರೆ ಅವನಿಗೆ ಭೂಮಿ ಮೇಲೆ ಬೇರೆ ಕೆಲಸವೇ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಲೈಸೆನ್ಸಿನ ವಿಷಯಕ್ಕೆ ಬರೋಣ. ನಮ್ಮ ಕಾಲದಲ್ಲಿ ಲೈಸೆನ್ಸು ಅಂದರೆ ಪುಸ್ತಕ. ಬೈಕಿಗೆ ಒಂದು ಊರಿನಲ್ಲಿ ಮಾಡಿಸಿದ್ದರೆ ಕಾರಿಗೆ ಇನ್ನೊಂದು ಊರಿನಲ್ಲಿ. ಎರಡು ಪುಸ್ತಕ ಇದ್ದವನು ದೊಡ್ಡ ಮನುಷ್ಯ, ಯಾಕೆಂದರೆ ಒಂದನ್ನು ಪೊಲೀಸರು ಕಿತ್ತುಕೊಂಡರೂ ಇನ್ನೊಂದು ಜೇಬಿನಲ್ಲಿರುತ್ತಿತ್ತು. ಆಮೇಲೆ ಕಂಪ್ಯೂಟರು ಬಂತು, ಕಾರ್ಡು ಬಂತು. ಒಬ್ಬನಿಗೆ ಎರಡು ಲೈಸೆನ್ಸು ಇರಬಾರದು, ಬೈಕಿನದ್ದೂ ಕಾರಿನದ್ದೂ ಸೇರಿಸಿ ಒಂದೇ ಕಾರ್ಡು ಮಾಡಿಸಿ ಅಂದರು. ಜನ ಹೆದರಿದರು. ಬೂದಿಕೋಟೆಯ ಗೌಡರೊಬ್ಬರು, "ಮೇಷ್ಟ್ರೇ, ಎರಡನ್ನೂ ಸೇರ್ಸಿದ್ರೆ ಬೈಕಲ್ಲಿ ಸಿಕ್ಕಾಕ್ಕೊಂಡ್ರೆ ಕಾರೂ ಓಗುತ್ತಲ್ಲ" ಅಂದರು. "ಹೌದು ಗೌಡ್ರೇ, ಇನ್ನು ಮೇಲೆ ಸಿಕ್ಕಿಹಾಕಿಕೊಳ್ಳಬೇಡಿ" ಅಂದೆ. ಅದೆಂಥ ಸಲಹೆ ಅನ್ನುವ ಹಾಗೆ ನೋಡಿದರು. ನಾನು ನನ್ನ ಸ್ಕೂಲ್ ಬಿಡುವ ಮುಂಚಿನ ಆ ವರ್ಷಗಳಲ್ಲಿ ನನ್ನ ಅರ್ಧ ಕೆಲಸ ಅದೇ ಆಯಿತು. ಎರಡು ಪುಸ್ತಕ ಒಯ್ಯುವುದು, ಒಂದು ಕಾರ್ಡು ತರುವುದು. ಇದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ದೊಡ್ಡೋನ ಪುಸ್ತಕವನ್ನೂ ನಾನೇ ಒಯ್ದೆ. ಅವನಿಗೆ ಕಾರಿನದ್ದು ಒಂದೇ ಇತ್ತು, ಸೇರಿಸಲು ಏನೂ ಇರಲಿಲ್ಲ.

ಹಾಗಂತ ನಾನು ಅಂದುಕೊಂಡಿದ್ದೆ.

ದೊಡ್ಡೋನಿಗೆ ಒಬ್ಬ ತಮ್ಮ, ಅವನ ಹೆಸರೂ ಮುನಿಯಪ್ಪ. ನಮ್ಮ ಕಡೆ ಇದು ಹೊಸದಲ್ಲ. ಮುನೇಶ್ವರನಿಗೆ ಹರಕೆ ಹೊತ್ತು ಹುಟ್ಟಿದವರೆಲ್ಲ ಮುನಿಯಪ್ಪಂದಿರೇ. ಮನೆಯಲ್ಲಿ ದೊಡ್ಡ ಮುನಿಯಪ್ಪ, ಚಿಕ್ಕ ಮುನಿಯಪ್ಪ ಅಂತ ಕರೆದುಕೊಳ್ಳುತ್ತಾರೆ. ನಡುವೆ ಇನ್ನೊಬ್ಬ ಹುಟ್ಟಿದರೆ ತೆಲುಗಿನಲ್ಲಿ ನಡಿಪಿ ಮುನಿಯಪ್ಪ. ಆದರೆ ಇಸ್ಕೂಲಿಗೆ ಸೇರಿಸಿದ ಮೇಷ್ಟ್ರು, "ದೊಡ್ಡ ಚಿಕ್ಕ ಎಲ್ಲ ಹೆಸರಲ್ಲ" ಅಂತ ಇಬ್ಬರನ್ನೂ ಬರೀ ಮುನಿಯಪ್ಪ ಮಾಡಿದರು. ಹುಟ್ಟಿದ ದಿನ ಅಪ್ಪನಿಗೆ ಗೊತ್ತಿಲ್ಲ. ಇಬ್ಬರೂ ಒಂದೇ ದಿನ ಸೇರಿದ್ದರಿಂದ ಇಬ್ಬರಿಗೂ ಒಂದೇ ಜನ್ಮದಿನ ಹಾಕಿ ಕಳಿಸಿದರು. ಅಂತೂ ಸರ್ಕಾರದ ಕಡತದಲ್ಲಿ ಒಂದೇ ಹೆಸರು, ಒಂದೇ ಅಪ್ಪ, ಒಂದೇ ಹುಟ್ಟಿದ ದಿನ, ಚಾಂಪಿಯನ್ ರೀಫ್ಸ್‌ನ ಒಂದೇ ಲೈನಿನಲ್ಲಿ, ಅಂದರೆ ಗಣಿಯವರ ಮನೆಗಳ ಒಂದೇ ಸಾಲಿನಲ್ಲಿ, ಅಂಟಿಕೊಂಡ ಮನೆ. ಮೀಸೆಯೂ ಒಂದೇ. ನಾನು ದೊಡ್ಡೋನ ಪುಸ್ತಕ ಕೊಟ್ಟ ವಾರವೇ ಚಿಕ್ಕೋನು ತನ್ನ ಬೈಕಿನ ಪುಸ್ತಕ ಕೊಟ್ಟಿದ್ದಾನೆ. ಒಳಗೆ ಕೂತವರು ನೋಡಿದ್ದಾರೆ, ಓಹೋ, ಈ ಮುನಿಯಪ್ಪನಿಗೆ ಎರಡು ಲೈಸೆನ್ಸು. ಸೇರಿಸಿದರು. ಒಂದೇ ಕಾರ್ಡು ಬಂತು. ಬೈಕೂ ಇತ್ತು, ಕಾರೂ ಇತ್ತು. ಫೋಟೋ ಚಿಕ್ಕೋನದ್ದು.

ಯಾರನ್ನು ಬೈಯೋಣ? ನಾನಾಗಿದ್ದರೂ ಸೇರಿಸುತ್ತಿದ್ದೆ.

ಬೇಸಿಗೆ ರಜೆ ಮುಗಿಯುತ್ತಾ ಬಂದಿತ್ತು. ಸ್ಕೂಲಿನವರು, "ಬಾಗಿಲು ತೆಗೆಯೋ ದಿನ ಕಾರ್ಡು ತೋರಿಸಿ ವ್ಯಾನ್ ಹತ್ತು ಮುನಿಯಪ್ಪ. ಇಲ್ಲದಿದ್ದರೆ ಬೇರೆಯವರನ್ನ ನೋಡಿಕೊಳ್ತೀವಿ" ಅಂದರು. ದೊಡ್ಡೋನು ಬಂದು ನನ್ನ ಮುಂದೆ ಮೀಸೆ ಇಳಿಬಿಟ್ಟುಕೊಂಡು ಕೂತ. ನಾನು ನಗುತ್ತಾ ಚಿಕ್ಕೋನ ಮನೆಗೆ ಹೊರಟೆ. ತಮ್ಮ ತಾನೇ, ಎರಡು ಮಾತಿನಲ್ಲಿ ಮುಗಿಯುತ್ತದೆ ಅಂದುಕೊಂಡೆ.

ಚಿಕ್ಕೋನು ತರಕಾರಿ ವ್ಯಾಪಾರಿ. ಬೂದಿಕೋಟೆ ಕಡೆಯ ತೋಟಗಳಿಂದ ಟೊಮೇಟೊ, ಬೀನ್ಸು ತಂದು ಬೈಕಿನ ಹಿಂದೆ ಮಂಕರಿ ಕಟ್ಟಿಕೊಂಡು, ಹಿತ್ತಾಳೆ ಗಂಟೆ ಬಾರಿಸುತ್ತಾ ಲೈನುಗಳಲ್ಲಿ ಮಾರುತ್ತಿದ್ದ. ಮಂಕರಿ ಅಂದರೆ ದೊಡ್ಡ ಬಿದಿರು ಬುಟ್ಟಿ. ನನ್ನನ್ನು ಕಂಡವನೇ ಕಾರ್ಡು ತೆಗೆದು ಹಣೆಗೊತ್ತಿಕೊಂಡ.

"ಬನ್ನಿ ಮೇಷ್ಟ್ರೇ, ಟೀ ಕುಡೀರಿ. ನೋಡಿದ್ರಾ? ಕೇಳಿದ್ದು ಬೈಕು, ಕೊಟ್ಟಿದ್ದು ಎಲ್ಡೂ. ಸರ್ಕಾರಕ್ಕೆ ನನ್ ಮ್ಯಾಲೆ ಎಂಥಾ ಪ್ರೀತಿ!"

"ಕಾರಿಂದು ನಿಮ್ಮಣ್ಣಂದು ಕಣಯ್ಯಾ."

"ಯಾವಣ್ಣ? ಮುನಿವೆಂಕಟಪ್ಪಂಗೆ ಒಬ್ನೇ ಮಗ. ಕಂಪ್ಯೂಟರ್ ಏಳ್ತೈತೆ, ನಿಮ್ದೇನು?"

ಗೋಡೆ ಆಚೆಯಿಂದ ದೊಡ್ಡೋನ ದನಿ ಬಂತು. "ಮೇಷ್ಟ್ರೇ, ಅವ್ನಿಗೆ ಏಳಿ, ನಂಗೂ ತಮ್ಮ ಇಲ್ಲ!"

"ಮೇಷ್ಟ್ರೇ, ಅವ್ನಿಗೆ ಏಳಿ, ಕೇಳ್ಸಿಲ್ಲ ಅಂತ! ಅವ್ನಿಗೆ ಕೇಳ್ಸದೇ ಇರೋ ಕಾಯಿಲೆ, ನಂಗೂ ಬಂದೈತೆ ಅಂತ!" ಅಂತ ಚಿಕ್ಕೋನು ಈಚೆಯಿಂದ ಕೂಗಿದ.

ಆ ಗೋಡೆ ಹಪ್ಪಳದಷ್ಟು ದಪ್ಪ. ನಾನು ನಡುವೆ ಟೆಲಿಫೋನಿನಂತೆ ಕೂತಿದ್ದೆ. ಇಬ್ಬರ ಹೆಂಡತಿಯರೂ ಹಿತ್ತಿಲಿನಿಂದ ಹಿತ್ತಿಲಿಗೆ ಸಾರು ದಾಟಿಸಿಕೊಳ್ಳುತ್ತಾ ನನ್ನನ್ನು ನೋಡಿ ನಗುತ್ತಿದ್ದರು.

ಜಗಳದ ಮೂಲ ಆ ಹೆಂಗಸರೇ ಹೇಳಿದರು. ಗಣಿಯಲ್ಲಿ ದೊಡ್ಡೋನು ಮೇಲೆ ಎಂಜಿನ್ ಹಿಡಿದರೆ, ಚಿಕ್ಕೋನು ಕೆಳಗೆ ಕೇಜಿನ ಬಾಗಿಲಲ್ಲಿ ಗಂಟೆ ಹೊಡೆಯುತ್ತಿದ್ದ. ಒಂದೇ ಪಾಳಿ, ಒಂದೇ ಹಗ್ಗದ ಎರಡು ತುದಿ. ಗಣಿ ಮುಚ್ಚುವ ಮೊದಲು ಇಬ್ಬರೂ ಸೇರಿ ಮಾಡಿದ ಕೊನೆಯ ಪಾಳಿಯಲ್ಲಿ, ಎಲ್ಲರನ್ನೂ ಕಳಿಸಿ ಕೊನೆಯ ಕೇಜಿನಲ್ಲಿ ಚಿಕ್ಕೋನು ನಿಂತ. ಮೂರು ಹೊಡೆದ. ಕೇಜು ಏಳಲಿಲ್ಲ. ಮತ್ತೆ ಹೊಡೆದ. ಏಳಲಿಲ್ಲ. ಗೊತ್ತಿದ್ದ ದೇವರನ್ನೆಲ್ಲ ಕರೆದು ಮುಗಿಸಿ, ಮೇರಿ ಮಾತೆಗೂ ಒಂದು ಮೊಂಬತ್ತಿ ಹರಕೆ ಹೇಳಿಕೊಂಡ ಮೇಲೆ ಎದ್ದಿತು. ಮೇಲೆ ಬಂದು, "ಯಾಕೆ ಎತ್ಲಿಲ್ಲ?" ಅಂದರೆ ದೊಡ್ಡೋನು, "ಗಂಟೆ ಕೇಳ್ಸಲಿಲ್ಲ" ಅಂದ. "ನಾನ್ ಒಡದೆ." "ಕೇಳ್ಸಲಿಲ್ಲ." ಅಷ್ಟೇ. ಗಂಟೆ ಹೊಡೆಯುವವನಿಗೆ ನೀನು ಹೊಡೆಯಲಿಲ್ಲ ಅಂದರೆ ಅವನ ಕಸುಬಿನ ಮುಖಕ್ಕೇ ಉಗಿದಂತೆ. ಅವತ್ತಿನಿಂದ ಮಾತಿಲ್ಲ. ಆದರೆ ದೊಡ್ಡೋನ ಹೆಂಡತಿ ಒಂದು ಗುಟ್ಟು ಹೇಳಿದಳು. ಬೆಳಿಗ್ಗೆ ಚಿಕ್ಕೋನ ತರಕಾರಿ ಗಂಟೆ ಕೇಳಿದರೆ ಸಾಕು, ಒಳಗೆ ಇಡ್ಲಿ ತಿನ್ನುತ್ತಿದ್ದ ದೊಡ್ಡೋನ ಕೈ ತಟ್ಟೆ ಬಿಟ್ಟು ಇಲ್ಲದ ಹಿಡಿಕೆಯನ್ನು ಹುಡುಕುತ್ತಿತ್ತಂತೆ.

ನಾನು ಲೈಸೆನ್ಸು ಕೊಡುವ ಆಫೀಸಿಗೆ ಹೋದೆ. ಆಗ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರು ಹೆಂಗಸು. ಅವರೆದುರು ನನ್ನ ಹಳೇ ಚೇಷ್ಟೆಗಳು ನಡೆಯುತ್ತಿರಲಿಲ್ಲ. ಪೂರ್ತಿ ಕೇಳಿ, ನಗದೆ ಹೇಳಿದರು: "ಇಬ್ಬರು ಅನ್ನೋದು ಬೆರಳಚ್ಚಿನಲ್ಲಿ ಗೊತ್ತಾಗುತ್ತೆ. ಯಾರಿಗೆ ಯಾವ ಗಾಡಿ ಅನ್ನೋದು ನೀವು ಹೇಳಿದರೆ ಆಗಲ್ಲ ಮೇಷ್ಟ್ರೇ. ಇಬ್ಬರೂ ಮೈದಾನಕ್ಕೆ ಬರಲಿ. ಬೈಕು ಓಡಿಸಿದವರಿಗೆ ಬೈಕು, ಕಾರು ಓಡಿಸಿದವರಿಗೆ ಕಾರು. ಒಬ್ಬರೇ ಎರಡೂ ಓಡಿಸಿದರೆ ಎರಡೂ ಅವರಿಗೇ. ಇನ್ನೊಬ್ಬರು ಮೊದಲಿಂದ ಕಲಿತು ಬರಲಿ."

ಸುಲಭ ಅಂದುಕೊಂಡೆ. ಚಿಕ್ಕೋನಿಗೆ ಕಾರು ಬರುವುದಿಲ್ಲ, ದೊಡ್ಡೋನಿಗೆ ಬೈಕು ಬರುವುದಿಲ್ಲ. ಒಬ್ಬೊಬ್ಬನು ಒಂದೊಂದರಲ್ಲಿ ಫೇಲಾದರೆ ಸಾಕು. ಫೇಲಾಗಲಿ ಅಂತ ಶಿಷ್ಯರನ್ನು ಕರೆದುಕೊಂಡು ಹೋಗುತ್ತಿದ್ದದ್ದು ಅದೇ ಮೊದಲು.

ಚಿಕ್ಕೋನು ಏನು ಮಾಡಿದ ಗೊತ್ತೇ? ಆ ವಾರವೇ ಬೇರೆ ಸ್ಕೂಲಿನಲ್ಲಿ ಕದ್ದು ಕಾರು ಕಲಿತ. ಸುಮಾರಾಗಿ ಬಂತಂತೆ. ಸುದ್ದಿ ಗೋಡೆ ದಾಟಿತು. ದೊಡ್ಡೋನು ಬಂದು, "ಅವ್ನು ಎಲ್ಡೂ ಓಡಿಸಿದ್ರೆ ನಾನೂ ಎಲ್ಡೂ ಓಡಿಸ್ತೀನಿ" ಅಂದ.

"ಬೈಕು ಬರಲ್ವಲ್ಲಯ್ಯಾ ನಿನಗೆ?"

"ಭೂಮಿ ಒಟ್ಟೆಯಿಂದ ಜನ ಎತ್ತಿದೋನು ನಾನು ಸಾ. ಅದೇನು ಮಹಾ ಸೈಕಲ್ಲು."

ಟೆಸ್ಟು ಮಾಡುತ್ತಿದ್ದದ್ದು ಸೈನೈಡ್ ದಿಬ್ಬದ ಬುಡದ ಒಂದು ಬಯಲಿನಲ್ಲಿ. ಚಿನ್ನ ತೆಗೆದ ಮೇಲೆ ಉಳಿದ ಗಣಿಯ ಹಿಟ್ಟು ಗುಡ್ಡವಾಗಿ ನಿಂತಿದೆಯಲ್ಲ, ಅದರ ಕೆಳಗೆ. ಸುಣ್ಣದಲ್ಲಿ ದೊಡ್ಡ ಎಂಟು ಬರೆದಿದ್ದರು. ಆಚೆ ಮೇಕೆಗಳು ಮೇಯುತ್ತಿದ್ದವು. ಸ್ಕೂಲ್ ಬಾಗಿಲು ತೆಗೆಯುವುದು ಮಾರನೇ ದಿನ. ಸೆಲ್ವಿಯೂ ಬಂದಿದ್ದಳು. "ಅಣ್ಣನ್ನ ಬಿಟ್ಟು ಬೇರೆ ಡ್ರೈವರ್ ಬಂದಾ ನಾನು ಕೂಡಾ ಕೆಲಸದಿಂದ ನಿಂತ್‌ಬುಡ್ತೇನ್ ಮಾಸ್ಟರ್" ಅನ್ನುತ್ತಿದ್ದಳು. ಮೇಡಂಗೆ ಗಂಟೆಯ ವಿಷಯ ಮೊದಲೇ ಹೇಳಿಬಿಟ್ಟಿದ್ದೆ. ಈ ಸಲ ಬೇಲಿ ಆಚೆ ನಿಂತು ಬಾರಿಸಿ ಓಡುವ ವಯಸ್ಸು ನನ್ನದಾಗಿರಲಿಲ್ಲ. "ಗಂಟೆ ಬಾರಿಸಬಾರದು ಅಂತ ಎಲ್ಲೂ ಬರೆದಿಲ್ಲ. ವ್ಯಾನಲ್ಲೂ ಬಾರಿಸ್ತಾರಲ್ಲ, ಬಾರಿಸಿ" ಅಂದರು.

ಮೊದಲು ಚಿಕ್ಕೋನು ಬೈಕು ಹತ್ತಿದ. ತರಕಾರಿ ಮಂಕರಿ ಬಿಚ್ಚಿರಲೇ ಇಲ್ಲ. ಎಂಟರ ಮೇಲೆ ಕೈಬರಹ ತಿದ್ದಿದಂತೆ ಸುತ್ತಿ ಬಂದು ನಿಂತ. ಒಂದು ಟೊಮೇಟೊ ಉರುಳಲಿಲ್ಲ. ಪಾಸು.

ಆಮೇಲೆ ದೊಡ್ಡೋನು ನನ್ನ ಬೈಕು ಹತ್ತಿದ. ನನ್ನ ಸೈಕಲ್ ಬೆಲ್ಲು ಮೂರು ಸಲ ಹೊಡೆದೆ. ಹೊರಟ. ಹೊರಟದ್ದೇ ಆಶ್ಚರ್ಯ. ಒಂದು ಸುತ್ತು ಹೇಗೋ ಹೋಯಿತು. ನಿಲ್ಲಿಸು ಅಂತ ಬೆಲ್ಲು ಒತ್ತಿದೆ. ಗಾಬರಿಯಲ್ಲಿ ಜೋರಾಗಿ ಒತ್ತಿದ್ದಕ್ಕೆ ಅದರ ಮುಚ್ಚಳ ಕಳಚಿ ಉರುಳಿಕೊಂಡು ಹೋಗಿ ಹಳೇ ಚರಂಡಿಯೊಳಗೆ ಬಿತ್ತು. ಕಾರಿನ ಬ್ರೇಕು ಅವನ ಕಾಲಿಗೆ ಗೊತ್ತಿತ್ತು, ಬೈಕಿನ ಬ್ರೇಕು ಎಲ್ಲಿದೆ ಅಂತ ಕೈಗೆ ಗೊತ್ತಿಲ್ಲ. ಎರಡನೇ ಸುತ್ತು, ಮೂರನೇ ಸುತ್ತು. ಮೇಡಂ, "ನಿಲ್ಲಿಸ್ರೀ!" ಅಂತ ಕೂಗಿದರು. ಸೆಲ್ವಿ ಚಪ್ಪಾಳೆ ತಟ್ಟಿದಳು. ನಾನು ಬಾಯಲ್ಲೇ, "ಟ್ರಿಣ್! ಟ್ರಿಣ್!" ಅಂದೆ. ದೊಡ್ಡೋನು ಎಂಟನ್ನು ಬಿಟ್ಟು ಒಂಬತ್ತು, ಹತ್ತು ಬರೆಯುತ್ತಾ ಸೀದಾ ಮೇಕೆ ಹಿಂಡಿನ ಕಡೆ ನುಗ್ಗಿದ. ಅದರಾಚೆ ದಿಬ್ಬದ ಕೊರಕಲು.

ಆಗ ನನ್ನ ಪಕ್ಕದಲ್ಲಿ ಢಣ್ ಅಂತ ಒಂದು ಪೆಟ್ಟು. ಒಂದೇ ಒಂದು.

ದೊಡ್ಡೋನ ಎರಡೂ ಕೈ ಗಕ್ಕನೆ ಬಿಗಿದವು. ಗಣಿ ಎಂಜಿನ್ನಿನ ಬ್ರೇಕು ಕೈಯಲ್ಲೇ ಎಳೆಯುವುದಲ್ಲವೇ? ಬೈಕಿನ ಬ್ರೇಕೂ ಅದೇ ಬಿಗಿತಕ್ಕೆ ಸಿಕ್ಕಿತು. ಬೈಕು ನಿಂತಲ್ಲೇ ನಿಂತು ಪಕ್ಕಕ್ಕೆ ಮಲಗಿತು. ಧೂಳು ಅಡಗಿದಾಗ ದೊಡ್ಡೋನು ಮೇಕೆಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಮಡಿಲಲ್ಲಿ ಒಂದು ಮರಿ. ತಿರುಗಿ ನೋಡಿದರೆ ಚಿಕ್ಕೋನು ಮಂಕರಿಯಿಂದ ಕಿತ್ತ ಹಿತ್ತಾಳೆ ಗಂಟೆ ಹಿಡಿದು ನಿಂತಿದ್ದ. ಹೊಡೆದದ್ದು ತಾನೇ ಹೌದೋ ಅಲ್ಲವೋ ಅನ್ನುವಂತೆ ಅದನ್ನೇ ನೋಡುತ್ತಿದ್ದ.

"ಬೈಕಲ್ಲಿ ಫೇಲು" ಅಂದರು ಮೇಡಂ. "ಕಾರಿಗೆ ಬನ್ನಿ."

ದೊಡ್ಡೋನು ಮೈ ಕೊಡವಿಕೊಂಡು ಕಾರಿನಲ್ಲಿ ಕೂತ, ಮೇಡಂ ಪಕ್ಕದಲ್ಲಿ ಕೂತರು. ನನ್ನ ಕೈಯಲ್ಲಿ ಮುಚ್ಚಳವಿಲ್ಲದ ಬೆಲ್ಲು. ಒತ್ತಿದರೆ ಕಟಕ್ ಅನ್ನುತ್ತದೆ ಅಷ್ಟೇ. ಸೆಲ್ವಿ ಎಡಗಾಲ ಮೆಟ್ಟಿನಿಂದ ಬಾನೆಟ್ ತಟ್ಟಿದಳು. "ಪೋಲಾಂ ಅಣ್ಣೇ, ಪೋಲಾಂ!" ಹೋಗೋಣ ಅಂತ. ಕಾರು ಅಲ್ಲಾಡಲಿಲ್ಲ. ಮೇಡಂ ಕೈಗಡಿಯಾರ ನೋಡಿಕೊಂಡರು. "ಹೊರಡದಿದ್ದರೆ ನಾನು ಏನು ಬರೀಬೇಕು ಗೊತ್ತಲ್ಲ?"

ಮೈದಾನದಲ್ಲಿದ್ದದ್ದು ಒಂದೇ ಗಂಟೆ. ಅದು ಚಿಕ್ಕೋನ ಕೈಯಲ್ಲಿತ್ತು. ಅವನು ಸುಮ್ಮನೆ ನಿಂತಿದ್ದರೆ ಸಾಕು, ಅಣ್ಣ ಫೇಲು, ಎರಡೂ ಲೈಸೆನ್ಸು ತನ್ನದು, ವ್ಯಾನೂ ತನ್ನದಾಗಬಹುದು.

"ಹೊಡಿ ಕಣಯ್ಯಾ" ಅಂದೆ.

"ಯಾಕ್ ಒಡೀಲಿ? ಒಡದ್ರೆ ಅವ್ನಿಗೆ ಎಲ್ಲಿ ಕೇಳ್ಸುತ್ತೆ? ಅವತ್ತೂ ಒಡದೆ."

ಕಾರಿನ ಕಿಟಕಿಯಿಂದ ದೊಡ್ಡೋನ ತಲೆ ಹೊರಗೆ ಬಂತು. ಅಷ್ಟು ವರ್ಷಗಳಲ್ಲಿ ನನ್ನ ಟೆಲಿಫೋನಿಲ್ಲದೆ ಅವನು ತಮ್ಮನಿಗೆ ಆಡಿದ ಮೊದಲ ಮಾತು ಅದು.

"ಕೇಳ್ತು ಕಣ್ಲಾ. ಅವತ್ತೂ ಕೇಳ್ತು."

ಚಿಕ್ಕೋನು, "ಮತ್ಯಾಕೆ ಎತ್ಲಿಲ್ಲ?" ಅಂದ.

"ನಿನ್ನ ಎತ್ತಿಬುಟ್ರೆ ಮುಗೀತಲ್ಲ. ಆಮೇಲೆ ಎತ್ತಕ್ಕೆ ನಂಗ್ಯಾರ್ಲಾ ಅವ್ರೆ?"

ಚಿಕ್ಕೋನು ಮಂಕರಿ ಕಡೆ ತಿರುಗಿಕೊಂಡ. ಬೆನ್ನು ಮಾತ್ರ ಕಾಣುತ್ತಿತ್ತು. ಹಾಗೇ ನಿಂತು ಹೊಡೆದ. ಢಣ್. ಢಣ್. ಢಣ್.

ಮನುಷ್ಯರಿದ್ದಾರೆ, ಮೆತ್ತಗೆ ಎತ್ತು.

ಕಾರು ಹೊರಟಿತು. ನಾನು ಸಾವಿರಾರು ಜನರಿಗೆ ಕ್ಲಚ್ಚು ಬಿಡುವುದು ಕಲಿಸಿದ್ದೇನೆ, ಅಂಥ ಹೊರಡುವಿಕೆ ನಾನೇ ಮಾಡಿಲ್ಲ. ಇದನ್ನು ನಾನು ಒಪ್ಪಿಕೊಳ್ಳುವುದು ಅಪರೂಪ, ಬರೆದಿಟ್ಟುಕೊಳ್ಳಿ. ಸುತ್ತು ಬಂದ, ರಿವರ್ಸ್ ಹಾಕಿದ, ಏರಿನಲ್ಲಿ ಹಿಡಿದು ನಿಲ್ಲಿಸಿದ. ಪ್ರತಿ ಸಲವೂ ಬೇಕಾದ ಗಂಟೆ ಬೇಕಾದ ಹೊತ್ತಿಗೆ ಬಂತು. ಚಿಕ್ಕೋನು ಬೆನ್ನು ತಿರುಗಿಸಿಯೇ ಹೊಡೆಯುತ್ತಿದ್ದ. ಕೆಳಗಿನಿಂದ ಹೊಡೆಯುವಾಗ ಎಂಜಿನ್ ಎಲ್ಲಿ ಕಾಣುತ್ತಿತ್ತು? ಹಗ್ಗದ ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ. ಮೇಡಂ ಇಳಿದು, "ಪಾಸು" ಅಂದರು. "ಚಿಕ್ಕ ಮುನಿಯಪ್ಪ, ಈಗ ನಿಮ್ಮ ಕಾರು ಟೆಸ್ಟು."

ಚಿಕ್ಕೋನು ಗಂಟೆಯನ್ನು ಮಂಕರಿಗೆ ಕಟ್ಟುತ್ತಾ, "ನಂಗೆ ಕಾರು ಬರಲ್ಲ ಮೇಡಂ" ಅಂದ.

"ಕಲಿತಿದ್ದೀರಿ ಅಂದರು?"

"ಸುಳ್ಳು. ನಾನು ಕೆಳಗಿನೋನು. ನಂಗೆ ಒಡೆಯೋದೊಂದೇ ಬರೋದು."

ಆ ಬೆಳಿಗ್ಗೆ ಅವನು, ತನಗೆ ಕಲಿಸಿದ ಮೇಷ್ಟ್ರ ಕಾರನ್ನು ಚಾಂಪಿಯನ್ ರೀಫ್ಸ್‌ನಿಂದ ಮೈದಾನದವರೆಗೆ ಓಡಿಸಿಕೊಂಡು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಬೈಕನ್ನು ಅವನ ಹಿಂದೆ ಬೇರೆ ಯಾರೋ ತಂದಿದ್ದರು. ಬಾಯಿ ಬಿಡಲಿಲ್ಲ. ನನ್ನ ಹೆಂಡತಿ ಇದನ್ನು ನಂಬುವುದಿಲ್ಲ, ನಾನು ಬಾಯಿ ಬಿಡದೆ ಇದ್ದೆ ಅನ್ನುವುದನ್ನು. ಬಾಕಿ ಎಲ್ಲ ನಂಬುತ್ತಾಳೆ.

ಮೇಡಂ ಅಲ್ಲೇ ಒಂದು ಚೀಟಿ ಬರೆದುಕೊಟ್ಟರು. ಮಾರನೇ ದಿನ ದೊಡ್ಡೋನು ಅದನ್ನು ತೋರಿಸಿ ವ್ಯಾನ್ ಹತ್ತಿದ. ಆಮೇಲೆ ಎರಡು ಕಾರ್ಡು ಬಂದವು, ಎರಡು ಫೋಟೋ, ಒಂದೇ ಮೀಸೆ. ಸ್ವಲ್ಪ ದಿನಕ್ಕೆ ಸೆಲ್ವಿ ನನ್ನ ಹತ್ತಿರ ದೂರು ತಂದಳು. "ಮಾಸ್ಟರ್, ತರಕಾರಿ ಅಣ್ಣ ದಿನಾ ಬೆಳಿಗ್ಗೆ ನಮ್ಮ ಸ್ಟಾಪಲ್ಲಿ ನಿಂತ್ಕೊಂಡು ಮೂರು ಒಡೀತಾರೆ. ವ್ಯಾನ್ ಓಗೇ ಬಿಡುತ್ತೆ. ಪುಳ್ಳೆಂಗ, ಮಕ್ಕಳು, ಅರ್ಧ ಜನ ಕೆಳಗೆ!" ನಾನು ಹೋಗಿ ಚಿಕ್ಕೋನಿಗೆ ಮಕ್ಕಳನ್ನು ಎಣಿಸಿ ಹೊಡಿ ಅಂತ ಬುದ್ಧಿ ಹೇಳಿ ಬಂದೆ.

ಈಗ ಟೆಸ್ಟಿನ ಮೈದಾನಗಳಿಗೆ ಕ್ಯಾಮೆರಾ ಬರುತ್ತಿವೆ, ನೆಲದೊಳಗೆ ತಂತಿ ಹೂಳುತ್ತಾರೆ, ಪಾಸು ಫೇಲು ಯಂತ್ರವೇ ಹೇಳುತ್ತದಂತೆ. ಹೇಳಲಿ. ನೀವು ಮಾತ್ರ ಕಲಿಯಲು ಬಂದವರು ಮೊದಲು ಏನು ಓಡಿಸುತ್ತಿದ್ದರು ಅಂತ ಕೇಳಿ. ಎತ್ತಿನಗಾಡಿಯೋ, ಹೊಲಿಗೆ ಮಿಷನ್ನೋ, ಗಣಿಯ ಹಗ್ಗವೋ. ಅದು ಕೈಕಾಲಿನಲ್ಲಿ ಹಾಗೇ ಉಳಿದಿರುತ್ತದೆ. ಅದನ್ನು ಬೈದು ಬಿಡಿಸಲಾಗುವುದಿಲ್ಲ.

ಇನ್ನು ನಮ್ಮ ಪಂದ್ಯ. ಸುಳ್ಳು ಯಾವುದು? ಮೇಕೆಮರಿ ಅಂದಿರಾ? ಮರಿ ನಿಜ, ಮಡಿಲಲ್ಲೇ ಕೂತಿತ್ತು. ಚರಂಡಿಗೆ ಬಿದ್ದ ಮುಚ್ಚಳ ನಿಜ. ಒಂದೇ ಜನ್ಮದಿನ ನಿಜ. ಸ್ಟೀರಿಂಗ್ ಸವರುವ ಬ್ಯಾಂಕಿನವರೂ ನಿಜ. ನಾನು ಕಟ್ಟಿದ್ದು, ನಿನ್ನ ಎತ್ತಿಬಿಟ್ಟರೆ ಮುಗೀತಲ್ಲ ಅನ್ನುವ ಆ ಮಾತು, ಅದಕ್ಕೆ ಮೊದಲಿನ ಪ್ರಶ್ನೆಯ ಸಮೇತ. ದೊಡ್ಡೋನು ಅಷ್ಟುದ್ದ ಮಾತಾಡುವ ಆಳೇ ಅಲ್ಲ. "ಅವತ್ತೂ ಕೇಳ್ತು" ಅಂದ, ತಲೆ ಒಳಗೆ ಎಳೆದುಕೊಂಡ. ಯಾಕೆ ಎತ್ತಲಿಲ್ಲ ಅಂತ ನಾನು ಇವತ್ತಿನವರೆಗೂ ತಲೆ ಕೆಡಿಸಿಕೊಂಡು, ಕೊನೆಗೆ ನನಗೆ ತೋಚಿದ್ದನ್ನು ಅವನ ಬಾಯಿಗೆ ಹಾಕಿದೆ. ಚಿಕ್ಕೋನು ಕೇಳಲೇ ಇಲ್ಲ. ತಾನು ಹೊಡೆದದ್ದು ಅಣ್ಣನಿಗೆ ಕೇಳಿಸಿತ್ತು ಅಂತ ಗೊತ್ತಾದ ಮೇಲೆ, ಅವನಿಗೆ ಬೇರೇನೂ ಬೇಕಿರಲಿಲ್ಲ.